ಸಂಕಟಕ್ಕೂ ಒಂದು ಭಾಷೆ ಬೇಕು

ಜತ್ತ ತಾಲೂಕಿನ ಕನ್ನಡ ಶಾಲೆಯ ಮಗುವೊಂದು ವೈದ್ಯರ ಮುಂದೆ ‘ಸಂಕಟ ಆಗತೈತಿ’ ಎಂದರೆ, ಹೊಟ್ಟೆಯಲ್ಲಿ ತಳಮಳವಾಗುತ್ತಿದೆ, ವಾಂತಿ ಬಂದಂತಾಗುತ್ತಿದೆ ಎಂದು ಅರ್ಥ. ಮರಾಠಿಯಲ್ಲಿ ಅದೇ ಶಬ್ದಕ್ಕೆ ಆಪತ್ತು ಎಂಬ ಅರ್ಥ. ಗಡಿನಾಡಿನ ಹಿರಿಯರು ಎರಡೂ ಭಾಷೆಗಳನ್ನು ಬಲ್ಲರು. ಆರೇಳು ವರ್ಷದ ಮಗು ತನ್ನ ನೋವನ್ನು ಹೇಳಬಲ್ಲದ್ದು ತಾಯ್ನುಡಿಯಲ್ಲಿ ಮಾತ್ರ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ಸಂಚಾರಿ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ 2 ಸಲ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ 1 ಸಲ ಬರಬೇಕು. 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷ, ಪೋಷಕಾಂಶಗಳ ಕೊರತೆ, ರೋಗ, ಬೆಳವಣಿಗೆಯ ವಿಳಂಬ ಎಂಬ 4 ಬಗೆಯ ತೊಂದರೆಗಳನ್ನು ಗುರುತಿಸಿ ಉಚಿತ ಚಿಕಿತ್ಸೆಗೆ ಕಳುಹಿಸುವುದು ಇದರ ಉದ್ದೇಶ. ತೂಕ, ಎತ್ತರ ಅಳೆಯಲು ಮಾತು ಬೇಡ. ಹಲಗೆಯ ಅಕ್ಷರ ಮಂಜಾಗುತ್ತಿದೆಯೇ, ಕಿವಿ ನೋಯುತ್ತಿದೆಯೇ ಎಂಬುದನ್ನು ಮಾತ್ರ ಕೇಳಿಯೇ ತಿಳಿಯಬೇಕು. ಪರಭಾಷೆಯ ಪ್ರಶ್ನೆಗೆ ಸುಮ್ಮನೆ ನಿಂತ ಮಗುವನ್ನು ಮಂದಮತಿಯೆಂದು ಬಗೆಯುವ ಅಪಾಯವಿದೆ. ಕಿವಿ ಮಂದವಾದ ಮಗುವಿನ ಮೌನವನ್ನು ಭಾಷೆಯ ತೊಡಕೆಂದು ಬಿಟ್ಟುಬಿಡುವ ಅಪಾಯವೂ ಇದೆ. ಆದ್ದರಿಂದ ತಪಾಸಣೆಯ ದಿನ ವರ್ಗಶಿಕ್ಷಕರು ಮಗುವಿನ ಪಕ್ಕದಲ್ಲಿರಬೇಕು. ಮೇಲಿನ ಆಸ್ಪತ್ರೆಗೆ ಕೊಟ್ಟ ಚೀಟಿಯಲ್ಲಿ ಏನಿದೆ ಎಂಬುದನ್ನು ಪಾಲಕರು ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು.

ತನ್ನ ಮೇಲೆ ನಡೆದ ದೌರ್ಜನ್ಯವನ್ನು ಹೇಳುವುದು ಮಗುವಿಗೆ ಇದಕ್ಕಿಂತಲೂ ಕಠಿಣ. ಅಂಥ ಮಾತು ಒಮ್ಮೆ ಬಾಯಿಗೆ ಬಂದಾಗ ಕೇಳುವವರಿಗೆ ತಿಳಿಯದಿದ್ದರೆ ಮತ್ತೆ ಬಾರದೇ ಹೋಗಬಹುದು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ, ಮಗು ನೀಡಿದ ದೂರನ್ನು ಅದಕ್ಕೆ ತಿಳಿಯುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು. ಬರೆಯುವ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕು. ಹೇಳಿಕೆ ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು; ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ತಿಳಿದೂ ದೂರು ನೀಡದ ಹಿರಿಯರಿಗೆ ಶಿಕ್ಷೆಯುಂಟು. ಸಂಸ್ಥೆಯ ಮುಖ್ಯಸ್ಥರೂ ಇದಕ್ಕೆ ಹೊರತಲ್ಲ. ಮಾನ ಹೋದೀತೆಂಬ ಅಂಜಿಕೆಗೂ ಕಾಯ್ದೆಯಲ್ಲಿ ಉತ್ತರವಿದೆ: ನ್ಯಾಯಾಲಯದ ಅಪ್ಪಣೆಯಿಲ್ಲದೆ ಮಗುವಿನ ಹೆಸರು, ಮನೆ, ಶಾಲೆಯ ಗುರುತನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ.

2020ರ ಪೋಕ್ಸೋ ನಿಯಮಗಳಂತೆ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವು ದುಭಾಷಿಗಳ ಹೆಸರು, ವಿಳಾಸಗಳ ಪಟ್ಟಿಯನ್ನು ಇಟ್ಟಿರಬೇಕು. ಅದಕ್ಕೆ ದೊಡ್ಡ ಪದವಿಯೇ ಬೇಕೆಂದಿಲ್ಲ. ಮಗುವಿನ ಭಾಷೆಯೂ ರಾಜ್ಯಭಾಷೆಯೂ ಬಳಕೆಗೆ ಬರುವಷ್ಟು ತಿಳಿದಿರಬೇಕು; ಅವು ತಾಯ್ನುಡಿಯಾಗಿ ಬಂದಿರಬಹುದು, ಪ್ರಾಥಮಿಕ ಶಾಲೆಯ ಮಾಧ್ಯಮವಾಗಿ ಬಂದಿರಬಹುದು, ಉದ್ಯೋಗದಿಂದಲೋ ವಾಸದಿಂದಲೋ ಬಂದಿರಬಹುದು. ಎಂದರೆ, ಕನ್ನಡ ಶಾಲೆಯಲ್ಲಿ ಓದಿ ಮರಾಠಿಯನ್ನೂ ಬಲ್ಲ ನಿವೃತ್ತ ಶಿಕ್ಷಕಿಗೆ ಭಾಷೆಯ ಅರ್ಹತೆ ಆಗಲೇ ಇದೆ. ಆರೋಪಿಯ ಕಡೆಯವರಾಗಿರದೆ ನಿಷ್ಪಕ್ಷಪಾತವಾಗಿ ನಡೆದುಕೊಳ್ಳುವವರು ಮುಂದೆ ಬರಬೇಕು, ಅಷ್ಟೆ. ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಪಟ್ಟಿಯಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ ಇದ್ದಾರೆಂದು ಶಾಲಾ ವ್ಯವಸ್ಥಾಪನ ಸಮಿತಿಗಳು ಪತ್ರ ಬರೆದು ಕೇಳಲಿ. ಯಾರೂ ಇಲ್ಲವೆಂದಾದರೆ ಹೆಸರುಗಳನ್ನು ಸೂಚಿಸಲಿ.

ಕನ್ನಡ ಶಾಲೆಯ ಚಿಂತೆ ಪಠ್ಯಪುಸ್ತಕ, ಶಿಕ್ಷಕರ ನೇಮಕಗಳಿಗೇ ಮುಗಿಯುವುದಿಲ್ಲ. ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ಮಗುವಿನ ಮಾತು ತಿಳಿಯುವ ಒಬ್ಬರಾದರೂ ಇರುವಂತೆ ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ. ಅಪಾಯದಲ್ಲಿರುವ ಮಕ್ಕಳಿಗಾಗಿ ಹಗಲಿರುಳು ತೆರೆದಿರುವ ಸಹಾಯವಾಣಿಯ ಸಂಖ್ಯೆ 1098. ಅದು ಪ್ರತಿ ತರಗತಿಯ ಗೋಡೆಯ ಮೇಲೆ, ಮಗುವಿನ ಕಣ್ಣಿಗೆಟಕುವ ಎತ್ತರದಲ್ಲಿ, ಕನ್ನಡದಲ್ಲಿ ಬರೆದಿರಲಿ.