ಬಿಡಿಹಾಳೆಗಳಾಗುತ್ತಿರುವ ಆಲ್ಬಮ್‌ಗಳು

ಹಂಪೆಯ ಕಲ್ಲಿನ ರಥವನ್ನು ಐವತ್ತು ರೂಪಾಯಿಯ ನೋಟಿನ ಮೇಲೆ ನಾವೆಲ್ಲ ಕಂಡಿದ್ದೇವೆ. ಆ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿದ್ದುದನ್ನು ಕಾಣಬೇಕಾದರೆ 1856ರ ಛಾಯಾಚಿತ್ರಕ್ಕೇ ಹೋಗಬೇಕು. ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಹಿಡಿದಿಟ್ಟಾಗ ಆ ಶಿಖರ ಇನ್ನೂ ನಿಂತಿತ್ತು. ಮುಂದೆ ಅದನ್ನು ತೆಗೆದುಹಾಕಲಾಯಿತು. ಆ ನೆಗೆಟಿವ್‌ಗಳು ಒಟ್ಟಾಗಿ ಉಳಿದು, ರಂಗಕರ್ಮಿ ಇಬ್ರಾಹಿಂ ಅಲ್ಕಾಜಿಯವರು ಕೂಡಿಸಿದ, ದೆಹಲಿಯನ್ನೇ ನೆಲೆಯಾಗಿಸಿಕೊಂಡ ಸಂಗ್ರಹವನ್ನು ಸೇರಿದುದು ನಮ್ಮ ಪುಣ್ಯ.

ಎಲ್ಲಕ್ಕೂ ಆ ಪುಣ್ಯವಿಲ್ಲ. ಕಳೆದ ಚಳಿಗಾಲದಲ್ಲಿ ದೆಹಲಿಯ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಬ್ರಿಟಿಷರ ಕಾಲದ ಆಲ್ಬಮೊಂದನ್ನು ಕಂಡೆ. ತಾಜಮಹಲು, ಕುತುಬ್ ಮಿನಾರುಗಳ ಹಾಳೆಗಳು ಆಗಲೇ ಬಿಡಿಬಿಡಿಯಾಗಿ ಮಾರಾಟವಾಗಿದ್ದವು. ಉಳಿದವುಗಳಲ್ಲೊಂದು ಕೆರೆಯ ಏರಿ, ಪ್ರವಾಸಿ ಬಂಗಲೆ, ನಾಲ್ಕು ಎತ್ತಿನ ಗಾಡಿಗಳು. ಅಡಿಯಲ್ಲಿ ಶಾಯಿಯಲ್ಲಿ ಬರೆದ ಊರ ಹೆಸರಿನಲ್ಲಿ ‘ಪೇಟೆ’ ಎಂಬಷ್ಟೇ ಉಳಿದು, ಮಿಕ್ಕದ್ದು ಹರಿದುಹೋಗಿತ್ತು. ಹೊಸಪೇಟೆಯೋ, ಬೇರೆ ಯಾವ ಪೇಟೆಯೋ? ಹಿಂದಿನ ಮುಂದಿನ ಹಾಳೆಗಳಿದ್ದರೆ ದಾರಿಯ ಜಾಡಿನಿಂದಲಾದರೂ ತಿಳಿಯುತ್ತಿತ್ತು.

ಇವು ಆಳುವವರ ಕಣ್ಣಿನ ಚಿತ್ರಗಳು, ಇವುಗಳ ಮೇಲೆ ನಮಗೇಕೆ ಮೋಹ ಎಂದು ಗೆಳೆಯರು ಕೇಳುತ್ತಾರೆ. ಆಕ್ಷೇಪ ನ್ಯಾಯವಾದುದೇ. ಪಾಳುಬಿದ್ದ ಗುಡಿ, ಕೋಟೆ, ದಂಡಿನ ಬಿಡಾರಗಳು ಅವರಿಗೆ ಪ್ರಿಯ. ನಮ್ಮವನೊಬ್ಬ ಕಂಬದ ಪಕ್ಕ ನಿಂತಿದ್ದರೆ, ಎಷ್ಟೋ ಸಲ ಅದು ಕಂಬದ ಎತ್ತರ ತೋರಿಸಲಿಕ್ಕಾಗಿ. ಆದರೆ ಆ ಕಣ್ಣು ಏನನ್ನು ಆರಿಸಿತು, ಏನನ್ನು ಬಿಟ್ಟಿತು ಎಂದು ಅಳೆಯಲಿಕ್ಕೂ ಆಲ್ಬಮು ಇಡಿಯಾಗಿಯೇ ಬೇಕು. ಗೋಡೆಗೆ ತೂಗುಹಾಕಿದ ಒಂಟಿ ಚಿತ್ರ ಬರಿಯ ಅಲಂಕಾರವಾಗುತ್ತದೆ.

ಆದುದರಿಂದ ಸಂಗ್ರಹದ ಹವ್ಯಾಸವಿರುವವರಲ್ಲಿ ನನ್ನ ಬಿನ್ನಹ ಇಷ್ಟೆ: ಕೊಂಡರೆ ಇಡಿಯಾಗಿ ಕೊಳ್ಳಿ. ಸಾಧ್ಯವಾಗದಿದ್ದರೆ, ಅಂಗಡಿಯವನ ಅನುಮತಿ ಪಡೆದು ಪ್ರತಿ ಹಾಳೆಯ ಎರಡೂ ಬದಿಯನ್ನು ಅನುಕ್ರಮವಾಗಿ ಮೊಬೈಲಿನಲ್ಲಾದರೂ ತೆಗೆದಿಟ್ಟುಕೊಳ್ಳಿ. ನೌಕರಿಯ ನಿಮಿತ್ತ ದೆಹಲಿಗೆ ಬಂದ ನಮ್ಮ ಮನೆಗಳ ಅಟ್ಟದಲ್ಲೂ ಅಜ್ಜಂದಿರ ಆಲ್ಬಮ್‌ಗಳಿವೆ. ಆ ಊರು, ಆ ಬೀದಿ ಯಾವುದೆಂದು ಹೇಳಬಲ್ಲ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಈ ಭಾನುವಾರವೇ ಅವರ ಪಕ್ಕದಲ್ಲಿ ಕುಳಿತು ಹೆಸರುಗಳನ್ನು ಬರೆದುಕೊಳ್ಳೋಣ.