ಕೈಯಲ್ಲಿ ಕೆಲಸವಿದ್ದರೆ ಸಾಲದು, ಕಾಗದವೂ ಬೇಕು

ಎಸೆಸೆಲ್ಸಿ ರಿಸಲ್ಟ್ ಬಂದ ಮರುವಾರವೇ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ: "ಪಾಸ್‌ಪೋರ್ಟ್ ಮಾಡಿಸಿದ್ರಾ?" ಓದಿನಲ್ಲಿ ಸ್ವಲ್ಪ ಹಿಂದಿರುವ ಹುಡುಗನಾದರೆ ಕಾಕನ ಗ್ಯಾರೇಜು, ಅಲ್ಲಿಂದ ಮುಂದೆ ಗಲ್ಫ್. ಗ್ಯಾರೇಜಿನಲ್ಲಿ ಅವನು ಕೆಲಸವನ್ನು ಚೆನ್ನಾಗಿಯೇ ಕಲಿಯುತ್ತಾನೆ. ಇಂಜಿನ್ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳಬಲ್ಲ. ಆದರೆ ಅದಕ್ಕೆ ಸಾಕ್ಷಿಯಾಗಿ ಒಂದು ತುಂಡು ಕಾಗದ ಅವನ ಬಳಿ ಇರುವುದಿಲ್ಲ. ಹಾಗಾಗಿ ಅಲ್ಲಿ ಹೋಗಿ ಇಳಿದಾಗ ಅವನು ಮೆಕ್ಯಾನಿಕ್ ಅಲ್ಲ, ಬರೀ ಹೆಲ್ಪರ್.

ಕೆಲಸವನ್ನೂ ಕಾಗದವನ್ನೂ ಒಟ್ಟಿಗೆ ಕೊಡುವ ದಾರಿ ಅಪ್ರೆಂಟಿಸ್‌ಶಿಪ್. ಇದಕ್ಕೆ 1961ರಿಂದಲೇ ಕಾಯ್ದೆ ಇದೆ. ಸಂಸ್ಥೆಯೊಂದಿಗೆ ಕರಾರು, ಕಲಿಯುತ್ತಲೇ ತಿಂಗಳ ಸ್ಟೈಪೆಂಡ್, ಕೊನೆಗೆ ಪರೀಕ್ಷೆ ಮತ್ತು ಪ್ರಮಾಣಪತ್ರ. ಕೆಲವು ಟ್ರೇಡ್‌ಗಳಿಗೆ ಐಟಿಐ ಅಥವಾ ಡಿಪ್ಲೊಮಾ ಬೇಕು, ಎಸೆಸೆಲ್ಸಿ ಸಾಕಾಗುವವೂ ಇವೆ. ಹೆಣ್ಣುಮಕ್ಕಳಿಗೂ ಅವಕಾಶವಿದೆ. ಕೇಂದ್ರ ಸರಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ಯಾವ ಏಜೆಂಟನೂ ಬೇಕಿಲ್ಲ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕೂಡಾ ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆಯುತ್ತದೆ.

"ಅಂಗಡಿಯಲ್ಲಿ ನಿಂತರೆ ಇದಕ್ಕಿಂತ ಜಾಸ್ತಿ ಸಿಗ್ತದಲ್ಲ?" ಎನ್ನುವವರಿದ್ದಾರೆ. ನಿಜ, ಸ್ಟೈಪೆಂಡ್ ಸಂಬಳವಲ್ಲ. ಅವಧಿ ಮುಗಿದ ಮೇಲೆ ಅಲ್ಲೇ ಕೆಲಸ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ. ಆದರೆ ಲೆಕ್ಕ ಹಾಕಬೇಕಾದದ್ದು ಮೊದಲ ವರ್ಷದ ದುಡ್ಡನ್ನಲ್ಲ, ಹತ್ತನೇ ವರ್ಷದ್ದನ್ನು. ಗಲ್ಫ್ ಕೂಡಾ ಮೊದಲಿನ ಹಾಗಿಲ್ಲ. ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮುಂತಾದ ಕೆಲಸಗಳಿಗೆ ಹೋಗುವವರ ಕೌಶಲ್ಯವನ್ನು ಸೌದಿ ಈಗ ಭಾರತದಲ್ಲೇ ಪರೀಕ್ಷಿಸುತ್ತಿದೆ. ಪರಿಚಯದವರ ವೀಸಾವೊಂದನ್ನೇ ನಂಬಿ ಕೂರುವ ಕಾಲ ಹೋಯಿತು.

ಇನ್ನೊಂದು ಮಾತು ನಮ್ಮ ಉದ್ಯಮಿಗಳಿಗೆ. 30 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ವರ್ಕ್‌ಶಾಪ್, ಹೋಟೆಲ್‌ಗಳು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಕೇಂದ್ರದ ಎನ್‌ಎಪಿಎಸ್ ಯೋಜನೆಯಡಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂ. ಮಿತಿಯಲ್ಲಿ, ಸರಕಾರವೇ ಹುಡುಗನ ಬ್ಯಾಂಕ್ ಖಾತೆಗೆ ಹಾಕುತ್ತದೆ. ನಿಮ್ಮಲ್ಲಿ ಹೇಗೂ ನಮ್ಮ ಹುಡುಗರು ಕೆಲಸ ಕಲಿಯುತ್ತಿದ್ದಾರೆ. ನೋಂದಣಿ ಮಾಡಿಸಿದರೆ ಅದೇ ಕಲಿಕೆಗೆ ಕಾಗದದ ಬೆಲೆ ಬರುತ್ತದೆ.

ಈ ಸಲ ಪಾಸ್‌ಪೋರ್ಟ್ ಅರ್ಜಿ ತುಂಬಿಸಲು ಮಗನನ್ನು ಸೈಬರ್‌ಗೆ ಕಳಿಸುವಾಗ ಈ ಪೋರ್ಟಲನ್ನೂ ಒಮ್ಮೆ ನೋಡಿ ಬರಲು ಹೇಳಿ. ಪಾಸ್‌ಪೋರ್ಟ್ ಇರಲಿ, ಅದರೊಳಗೆ ಇಟ್ಟುಕೊಂಡು ಹೋಗಲು ಒಂದು ಸರ್ಟಿಫಿಕೇಟೂ ಇರಲಿ.