ಸ್ವಿಚ್ ಇದೆ, ದೀಪ ಎಲ್ಲಿ?

ಅಮೆರಿಕದ ಮನೆಗೆ ಹೊಸದಾಗಿ ಬಂದವರಿಗೆ ಒಂದು ಒಗಟು ಕಾದಿರುತ್ತದೆ. ಬಾಗಿಲ ಪಕ್ಕ ಸ್ವಿಚ್ ಇದೆ, ಒತ್ತಿದರೆ ಏನೂ ಹತ್ತುವುದಿಲ್ಲ. ತಲೆಯೆತ್ತಿ ನೋಡಿದರೆ ಸೀಲಿಂಗಿನಲ್ಲಿ ದೀಪವೇ ಇಲ್ಲ!

ಉತ್ತರ ಸಾಮಾನ್ಯವಾಗಿ ನೆಲದ ಹತ್ತಿರ ಇರುತ್ತದೆ. ಬೆಡ್‌ರೂಮು, ಲಿವಿಂಗ್ ರೂಮುಗಳಲ್ಲಿ ಸೀಲಿಂಗ್ ದೀಪದ ಬದಲು ಗೋಡೆಯ ಸ್ವಿಚ್ಚಿಗೆ ಜೋಡಿಸಿದ ಔಟ್‌ಲೆಟ್ ಕೊಟ್ಟರೂ ಸಾಕು ಎನ್ನುತ್ತದೆ ಇಲ್ಲಿನ ವಿದ್ಯುತ್ ನಿಯಮ. ಅಡುಗೆಮನೆ, ಬಚ್ಚಲುಮನೆಗೆ ಈ ರಿಯಾಯಿತಿ ಇಲ್ಲ. ಪ್ರತಿ ಪ್ಲಗ್ ಪಾಯಿಂಟಿನ ಪಕ್ಕದಲ್ಲೇ ಅದರ ಸ್ವಿಚ್ ನೋಡಿ ಬೆಳೆದ ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ.

ಆ ಔಟ್‌ಲೆಟ್ಟನ್ನು ಹುಡುಕುವ ಕೆಲಸಕ್ಕೆ ಮಕ್ಕಳನ್ನು ಸೇರಿಸಿಕೊಳ್ಳಿ. ಪ್ಲಗ್ ಹಾಕುವುದು, ತೆಗೆಯುವುದು ನಿಮ್ಮದೇ ಕೆಲಸ. ಮಗು ಸ್ವಿಚ್ ಬಳಿ ನಿಲ್ಲಲಿ. ಟೇಬಲ್ ಲ್ಯಾಂಪನ್ನು ಒಂದೊಂದೇ ಔಟ್‌ಲೆಟ್ಟಿಗೆ ಸಿಕ್ಕಿಸಿ. ಮೇಲಿನ ತೂತು, ಕೆಳಗಿನ ತೂತು ಎರಡನ್ನೂ ನೋಡಿ, ಹಲವು ಮನೆಗಳಲ್ಲಿ ಸ್ವಿಚ್ಚಿಗೆ ಸಿಗುವುದು ಒಂದೇ ಅರ್ಧ. "ಹತ್ತಿತಾ?" "ಇಲ್ಲ." "ಈಗ?" "ಹತ್ತಿತು!" ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು ಸಾಕಾಗುವ ಕಡೆ ಕನ್ನಡ ಜೋಡಿ ಕೊಡುತ್ತದೆ: ನೀನು ಆರಿಸಿದೆ, ಅದು ಆರಿತು, ನೀನು ಹಚ್ಚಿದೆ, ಅದು ಹತ್ತಿತು. ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಕೇಳಿದ ಕ್ರಿಯಾಪದ ಮರೆತುಹೋಗುವುದಿಲ್ಲ.

ಔಟ್‌ಲೆಟ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಪ್ಲಗ್ ಇರುವ ಎಲ್‌ಇಡಿ ಸೀಲಿಂಗ್ ದೀಪ ತಂದು, ಅದರ ಜೊತೆ ಬಂದ ಕೊಕ್ಕೆಯಲ್ಲೇ ತೂಗುಹಾಕಿ, ಅಲ್ಲಿಗೆ ಸಿಕ್ಕಿಸಿ. ದೀಪದ ಮೇಲೆ ಯುಎಲ್ ಅಥವಾ ಇಟಿಎಲ್ ಗುರುತು ಇರಲಿ.

ಆಸೆ ಹುಟ್ಟುವುದು ಇಲ್ಲೇ. ತೂಗುವ ವೈರು ಚೆಂದ ಕಾಣುವುದಿಲ್ಲ, ಪ್ಲಗ್ ಕತ್ತರಿಸಿ ವೈರನ್ನು ಗೋಡೆಯೊಳಗೆ ತೂರಿಸಿ ಸ್ವಿಚ್ಚಿಗೇ ಕಟ್ಟಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಆ ಮೆತ್ತನೆಯ ವೈರು ಗೋಡೆಯೊಳಗೆ ಇರಲು ಮಾಡಿದ್ದಲ್ಲ. ಮೊಳೆ ತಾಗಿ ಹರಿದರೂ, ಬಿಸಿಯಾಗಿ ಸುಟ್ಟರೂ ಹೊರಗೆ ಕಾಣುವುದಿಲ್ಲ; ನಿಯಮವೂ ಒಪ್ಪುವುದಿಲ್ಲ. ಎಕ್ಸ್‌ಟೆನ್ಷನ್ ವೈರನ್ನು ಕಾರ್ಪೆಟ್ಟಿನ ಕೆಳಗೆ ಎಳೆಯುವುದಕ್ಕೂ ಇದೇ ಮಾತು.

ಊರಿನಲ್ಲಿ ಫ್ಯೂಸು ಕಟ್ಟಿ, ಹೋಲ್ಡರ್ ಬದಲಿಸಿ ಕೈ ಪಳಗಿದವರಿಗೆ ಇನ್ನೊಂದು ಎಚ್ಚರಿಕೆ. ನಮ್ಮೂರ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಇಲ್ಲಿ ಕಪ್ಪೇ ಕರೆಂಟ್ ಇರುವ ವೈರು, ಬಿಳಿ ನ್ಯೂಟ್ರಲ್. ಹಳೆಯ ಸ್ವಿಚ್ ಪೆಟ್ಟಿಗೆಗಳಲ್ಲಿ ಬಿಳಿ ವೈರಿನಲ್ಲೂ ಕರೆಂಟ್ ಇರಬಹುದು. ಊರಿನ 230 ವೋಲ್ಟಿನ ಮುಂದೆ ಇಲ್ಲಿನ 120 ಕಡಿಮೆ ಎನಿಸಬಹುದು, ಜೀವ ತೆಗೆಯಲು ಅಷ್ಟು ಸಾಕು. ಪೆಟ್ಟಿಗೆ ತೆರೆಯುವ ಮೊದಲು ಬ್ರೇಕರ್ ಆರಿಸಿ, ಟೆಸ್ಟರ್ ಹಿಡಿದು ನೋಡಿ. ಬಣ್ಣವನ್ನು ನಂಬಬೇಡಿ.

ಸ್ವಿಚ್ಚಿಗೆ ಸೇರಿದ ಔಟ್‌ಲೆಟ್ ಸಿಗದಿದ್ದರೆ? ಎರಡು ದಾರಿ ಇವೆ. ಬಾಡಿಗೆ ಮನೆಯಾದರೆ ರಿಮೋಟ್ ಪ್ಲಗ್ ಸಾಕು: ದೀಪದ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ, ಬ್ಯಾಟರಿಯ ಸ್ವಿಚ್ಚನ್ನು ಬಾಗಿಲ ಪಕ್ಕ ಮಗುವಿನ ಕೈಗೆಟಕುವ ಎತ್ತರಕ್ಕೆ ಅಂಟಿಸಿ. ಗುಂಡಿಯಂಥ ಬ್ಯಾಟರಿ ಇದ್ದರೆ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಆರಿಸಿ. ಮಗು ನುಂಗಿದರೆ ಪ್ರಾಣಾಪಾಯ. ಸ್ವಂತ ಮನೆಯಾದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಸೀಲಿಂಗಿನಲ್ಲಿ ಪೆಟ್ಟಿಗೆ ಕೂರಿಸಿ. ಪರ್ಮಿಟ್ ಬೇಕೇ ಎಂದು ನಿಮ್ಮ ಊರಿನ ಕಚೇರಿಯಲ್ಲಿ ವಿಚಾರಿಸಿ.

ಡಿಮ್ಮರ್ ಇರುವ ಸ್ವಿಚ್ಚಿನಿಂದ ಔಟ್‌ಲೆಟ್ ನಡೆಸಬೇಡಿ. ಇಂದು ಲ್ಯಾಂಪ್ ಇರುವಲ್ಲಿ ನಾಳೆ ಯಾರೋ ವ್ಯಾಕ್ಯೂಮ್ ಸಿಕ್ಕಿಸುತ್ತಾರೆ.

ದೀಪ ಹತ್ತಿದ ಮೇಲೆ ಮಗುವಿಗೆ ಒಂದು ಪ್ರಶ್ನೆ ಕೇಳಿ: ಇಲ್ಲಿ ಸ್ವಿಚ್ ಮೇಲೆ ಮಾಡಿದರೆ ದೀಪ ಹತ್ತುತ್ತದೆ, ಅಜ್ಜಿ ಮನೆಯಲ್ಲಿ? ಉತ್ತರ ಗೊತ್ತಿಲ್ಲದಿದ್ದರೆ ವೀಡಿಯೊ ಕಾಲ್ ಮಾಡಿ ಅಜ್ಜಿಯನ್ನೇ ಕೇಳಲಿ. ಕನ್ನಡದಲ್ಲಿ ಮಾತನಾಡಲು ಅದಕ್ಕಿಂತ ಒಳ್ಳೆಯ ನೆಪ ಬೇಕೆ?